ಟು-ಸ್ಟೆಪ್ ಕಲಿತುಕೊಂಡು ಹೋಗಿ: ಗೆಳತಿಗೊಂದು ಪತ್ರ

ಪ್ರೀತಿಯ ಗೆಳತಿ,

ನಿನ್ನ ಪತ್ರ ಬಂತು. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿರುವ, ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ನಲ್ಲಿ ಸಿಗುವ ಮೂರು ದಿನದಲ್ಲಿ ನೀವಿಬ್ಬರೂ ಎಲ್ಲೆಲ್ಲಿ ಹೋಗಬೇಕು ಅಂತ ಕೇಳಿದ್ದೀಯ. ಅದರ ಕೆಳಗೆ, ಕೇಳಲೋ ಬೇಡವೋ ಅನ್ನುವ ಹಾಗೆ, ಇನ್ನೊಂದು ಪ್ರಶ್ನೆ: ಚರ್ಚು, ಪಿಕಪ್ ಟ್ರಕ್ಕು, ಗಂಡ-ಹೆಂಡಿರ ಜಗಳ ಇವೇ ತುಂಬಿದ ಕಂಟ್ರಿ ಸಂಗೀತದಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಏನಿದೆ?

ತುಂಬಾ ಇದೆ ಕಣೇ. ಆದರೆ ರೇಡಿಯೋ ಹಾಕಿಕೊಂಡು ಕೂತರೆ ಅದು ಸಿಗಲ್ಲ. ಕೇಳುವುದನ್ನು ನಾವೇ ಆರಿಸಿಕೊಳ್ಳಬೇಕು, ಆಮೇಲೆ ಆ ಹಾಡುಗಳಿಗೆ ಜೋಡಿಯಾಗಿ ಕುಣಿಯುವ ಟು-ಸ್ಟೆಪ್ ಕಲಿಯಬೇಕು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ. ಇಬ್ಬರು ಹೆಂಗಸರು ಕೈ ಹಿಡಿದು, ಹೆಜ್ಜೆ ತಪ್ಪದೆ, ಯಾರಿಗೂ ಡಿಕ್ಕಿ ಹೊಡೆಯದೆ ಡಾನ್ಸ್ ಫ್ಲೋರ್ ಸುತ್ತುತ್ತಿದ್ದರೆ ಅವರು ಅಲ್ಲಿಯವರೇ. ಅದನ್ನು ಬಾಯಿಮಾತಲ್ಲಿ ಯಾರಿಗೂ ಸಾಬೀತು ಮಾಡಬೇಕಾಗಿಲ್ಲ.

ಮೊದಲು ಕೇಳುವ ವಿಷಯ ಮುಗಿಸಿಬಿಡ್ತೀನಿ. 1952ರಲ್ಲಿ ಕಿಟ್ಟಿ ವೆಲ್ಸ್ ಹಾಡಿದ ಒಂದು ಹಾಡು, ಕೆಟ್ಟ ಹೆಂಗಸರನ್ನು ದೂರುತ್ತಿದ್ದ ಗಂಡಸಿನ ಹಾಡೊಂದಕ್ಕೆ ನೇರ ಉತ್ತರವಾಗಿತ್ತು. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಒಂಟಿ ಗಾಯಕಿಯೊಬ್ಬಳು ಮೊದಲ ಸ್ಥಾನಕ್ಕೆ ಏರಿದ್ದು ಅದೇ ಮೊದಲು. 1975ರಲ್ಲಿ ಲೊರೆಟಾ ಲಿನ್ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹಾಡಿದಾಗ ಎಷ್ಟೋ ರೇಡಿಯೋ ಕೇಂದ್ರಗಳು ಅದನ್ನು ಹಾಕಲೇ ಇಲ್ಲ. ಹೇಳಬಾರದ್ದನ್ನು ಹೆಂಗಸರು ಹೇಳುವ ಈ ಸಾಲಿಗೆ 1988ರಲ್ಲಿ ಬಂದು ಸೇರಿದವಳು ಕೆನಡಾದ ಆಲ್ಬರ್ಟಾದ ಕೆ.ಡಿ. ಲ್ಯಾಂಗ್. ಗಿಡ್ಡ ಕೂದಲು, ಗಂಡಸರ ಕೋಟು. ಹಳೇ ಕಂಟ್ರಿಯ ಹೆಸರಾಂತ ಗಾಯಕಿ ಪ್ಯಾಟ್ಸಿ ಕ್ಲೈನ್‌ಳ ಹಾಡುಗಳ ನಿರ್ಮಾಪಕ ಓವೆನ್ ಬ್ರಾಡ್ಲಿಯೇ ಇವಳ ‘ಶ್ಯಾಡೋಲ್ಯಾಂಡ್’ ಆಲ್ಬಮ್ಮನ್ನೂ ನ್ಯಾಶ್‌ವಿಲ್‌ನಲ್ಲಿ ಮಾಡಿಸಿದರು. ಅದರ ಕೊನೆಯ ಹಾಡಿನಲ್ಲಿ ಕಿಟ್ಟಿ ವೆಲ್ಸ್, ಬ್ರೆಂಡಾ ಲೀ, ಲೊರೆಟಾ ಲಿನ್ ಮೂವರೂ ಇವಳ ಜೊತೆ ದನಿಗೂಡಿಸಿದ್ದಾರೆ. ನೀನು ಶುರು ಮಾಡಬೇಕಾದದ್ದು ಅಲ್ಲಿಂದಲೇ. ತಾನು ಲೆಸ್ಬಿಯನ್ ಅಂತ ಅವಳು ‘ದಿ ಅಡ್ವೊಕೇಟ್’ ಅನ್ನುವ ಸಲಿಂಗಿಗಳ ಪತ್ರಿಕೆಯಲ್ಲಿ ಹೇಳಿಕೊಂಡದ್ದು 1992ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, ಮಾಂಸ ತಿನ್ನಬೇಡಿ ಅನ್ನುವ ಜಾಹೀರಾತಿನಲ್ಲಿ ಕಾಣಿಸಿಕೊಂಡಳು ಅಂತ, ದನ ಸಾಕುವ ಸೀಮೆಯ ರೇಡಿಯೋ ಕೇಂದ್ರಗಳು ಅವಳ ಹಾಡು ನಿಲ್ಲಿಸಿದ್ದವು.

ಆಮೇಲೆ ಕಂಟ್ರಿ ಗಾಯಕಿ ಶೆಲಿ ರೈಟ್. 1999ರಲ್ಲಿ ಮೊದಲ ಸ್ಥಾನದ ಹಾಡು ಕೊಟ್ಟವಳು, 2010ರ ಮೇ ತಿಂಗಳಲ್ಲಿ ತಾನು ಲೆಸ್ಬಿಯನ್ ಅಂತ ಬಹಿರಂಗವಾಗಿ ಹೇಳಿಕೊಂಡಳು. ಆ ಮಧ್ಯದ ಹನ್ನೊಂದು ವರ್ಷ ನೆನೆಸಿಕೊಂಡು ಅವಳ ಹಳೆಯ ಪ್ರೇಮಗೀತೆ ಕೇಳು, ಹಾಡು ಬೇರೆಯೇ ಆಗಿ ಕೇಳಿಸುತ್ತೆ. ಬ್ರ್ಯಾಂಡಿ ಕ್ಲಾರ್ಕ್‌ಳ 2013ರ ‘12 ಸ್ಟೋರೀಸ್’ ಆಲ್ಬಮ್ ಅಂತೂ ತಪ್ಪಿಸಲೇಬೇಡ. ಅಡುಗೆಮನೆ, ಮಾತ್ರೆ ಡಬ್ಬಿ, ಸೋತು ಸುಣ್ಣವಾದ ಮದುವೆಗಳು. ಅದರಲ್ಲಿ ಮಿಕ್ಕ ಹೆಂಗಸರ ಬದುಕನ್ನು ಬರೆದಿರುವವಳು ಲೆಸ್ಬಿಯನ್, ಅದಕ್ಕೇ ಆ ಕಣ್ಣು ಅಷ್ಟು ಚುರುಕು ಅಂತ ನನ್ನ ನಂಬಿಕೆ. ಅವಳೂ ಕೇಸಿ ಮಸ್‌ಗ್ರೇವ್ಸ್, ಶೇನ್ ಮೆಕಾನಲಿ ಇಬ್ಬರೂ ಸೇರಿ ಬರೆದ, ಹುಡುಗಿ ಹುಡುಗಿಗೆ ಮುತ್ತಿಟ್ಟರೂ ಸರಿ ಅನ್ನುವ ಹಾಡಿಗೆ 2014ರಲ್ಲಿ ಸಿಎಂಎ ಅಂದರೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ‘ವರ್ಷದ ಹಾಡು’ ಪ್ರಶಸ್ತಿ ಬಂತು. ರೇಡಿಯೋ ಮಾತ್ರ ಅದನ್ನು ಅಷ್ಟಾಗಿ ಹಾಕಲಿಲ್ಲ. ಮರುವರ್ಷ ರೇಡಿಯೋ ಸಲಹೆಗಾರರೊಬ್ಬರು, ಹೆಂಗಸರ ಹಾಡು ಸಲಾಡಿನಲ್ಲಿ ಟೊಮೇಟೊ ಇದ್ದ ಹಾಗೆ, ಕಮ್ಮಿ ಇರಬೇಕು ಅಂತ ಬಹಿರಂಗವಾಗಿಯೇ ಹೇಳಿದರು. ಹೀಗಾಗಿ, ರೇಡಿಯೋ ನಂಬಬೇಡ ಅನ್ನೋದು ಬರೀ ನನ್ನ ಸಿಟ್ಟಲ್ಲ.

ಇಲ್ಲೇ ನನ್ನದೊಂದು ತಕರಾರು. ಲೆಸ್ಬಿಯನ್ ಗಾಯಕಿ ಸ್ಟೀಲ್ ಗಿಟಾರ್ ಇಟ್ಟುಕೊಂಡು ಅಪ್ಪಟ ಕಂಟ್ರಿ ಹಾಡಿದರೂ ಅದಕ್ಕೆ ‘ಅಮೆರಿಕಾನಾ’ ಅಂತ, ಜಾನಪದ-ಕಂಟ್ರಿ ಬೆರೆತ ಬೇರೆ ಪ್ರಕಾರದ ಹೆಸರಿಟ್ಟು ಪಕ್ಕದ ಕಪಾಟಿನಲ್ಲಿ ಇಡ್ತಾರೆ. ಮರ್ಯಾದೆಯಿಂದಲೇ ಹಿತ್ತಿಲ ಬಾಗಿಲು ತೋರಿಸುವ ಕೆಲಸ ಅದು. ಬ್ರ್ಯಾಂಡಿ ಕಾರ್ಲೈಲ್, ಮ್ಯಾರೆನ್ ಮಾರಿಸ್, ನಟಾಲಿ ಹೆಂಬಿ, ಅಮಾಂಡಾ ಶೈರ್ಸ್ ಸೇರಿ 2019ರಲ್ಲಿ ‘ದಿ ಹೈವಿಮೆನ್’ ಅಂತ ತಂಡ ಕಟ್ಟಿದ್ದು ಕಂಟ್ರಿಯಲ್ಲಿ ಹೆಂಗಸರಿಗೆ ಜಾಗ ಕೇಳುವುದಕ್ಕೇ. ಅದರಲ್ಲಿ ಕಾರ್ಲೈಲ್ ಹಾಡುವ ಒಂದು ಹಾಡಿದೆ: ಬಾರಿನಲ್ಲಿ ತನ್ನ ಹೆಂಡತಿಯ ಮೇಲೆ ಕಣ್ಣು ಹಾಕಿದ ಗಂಡಸಿಗೆ, ಅವಳು ನನ್ನನ್ನು ಬಿಟ್ಟು ಹೋದರೂ ನಿನ್ನಂಥವನ ಜೊತೆ ಹೋಗಲ್ಲ ಅಂತ ಹೇಳುವ ಹಾಡು. ದನಿ ಏರಿಸುವುದಿಲ್ಲ, ಭಾಷಣ ಇಲ್ಲ, ಹಳೇ ಕಂಟ್ರಿಯ ಅದೇ ನಡೆ. ಅದು ಕಂಟ್ರಿ ಅಲ್ಲದಿದ್ದರೆ ಯಾವುದೂ ಅಲ್ಲ.

ನೀನು ಚಿಕ್ಕಂದಿನಲ್ಲಿ ಸಂಗೀತ ಪಾಠ ಹೇಳಿಸಿಕೊಂಡವಳು, ಕಂಟ್ರಿಯಲ್ಲಿ ಕೇಳಿಸುವ ಪೆಡಲ್ ಸ್ಟೀಲ್ ಗಿಟಾರ್ ನಿನಗೆ ತಟ್ಟನೆ ಹಿಡಿಸುತ್ತೆ. ಹತ್ತು ತಂತಿ, ಹೆಚ್ಚಾಗಿ ‘ಇ ನೈನ್ತ್’ ಶ್ರುತಿ. ಎಡಗೈಲಿ ತಂತಿಗಳ ಮೇಲೆ ಜಾರಿಸುವ ಉಕ್ಕಿನ ದಿಂಡು, ಪಾದದಡಿ ಪೆಡಲುಗಳು, ಮೊಣಕಾಲಿನ ಹತ್ತಿರ ಲಿವರುಗಳು. ಒಂದು ಪೆಡಲ್ ತುಳಿದರೆ ಬಿ ಸ್ವರದ ತಂತಿಗಳು ಸಿ ಶಾರ್ಪ್‌ಗೆ ಏರುತ್ತವೆ, ಪಕ್ಕದ್ದು ತುಳಿದರೆ ಜಿ ಶಾರ್ಪ್ ತಂತಿಗಳು ಎ ಸ್ವರಕ್ಕೆ. ಒಂದು ತಂತಿ ಅಲುಗದೆ ನಿಂತಿರುವಾಗ ಪಕ್ಕದ್ದು ಮಾತ್ರ ಜಾರುತ್ತಲ್ಲ, ಅಳುವಿನಂತೆ ಕೇಳಿಸುವುದು ಅದೇ. ಒಂದೇ ಬಾರಿಗೆ ಎರಡು ಸ್ವರ ಹಿಡಿದು ಒಂದಕ್ಕಷ್ಟೇ ಗಮಕ ಹಾಕಿದಂತೆ ಅಂದುಕೋ.

ಈಗ ಕುಣಿತ. ಟೆಕ್ಸಸ್ ಟು-ಸ್ಟೆಪ್ ಅಂದರೆ ಬೇಗ-ಬೇಗ-ನಿಧಾನ-ನಿಧಾನ. ಬೇಗದ ಹೆಜ್ಜೆಗೆ ಒಂದೊಂದು ಬೀಟ್, ನಿಧಾನದ್ದಕ್ಕೆ ಎರಡೆರಡು, ಒಟ್ಟು ಆರು. ಕೆಲವು ಕಡೆ ನಿಧಾನದಿಂದ ಶುರು ಮಾಡಿಸ್ತಾರೆ, ಸರಣಿ ಅದೇ. ಹಾಡು ಮಾತ್ರ ನಾಲ್ಕರ ತಾಳದ್ದು. ಎಲ್ಲರೂ ಎಡವುವುದು ಇಲ್ಲೇ: ತಾಳದ ಒಂದಕ್ಕೇ ಪ್ರತಿ ಸಲ ಮೊದಲ ಹೆಜ್ಜೆ ಬೀಳಬೇಕು ಅಂತ ಕಾಯ್ತಾರೆ, ಬೀಳಲ್ಲ, ಗಾಬರಿಯಾಗಿ ನಿಂತುಬಿಡ್ತಾರೆ. ರೂಪಕದ ಆರನ್ನು ನಾಲ್ಕರ ಎಣಿಕೆಯ ಮೇಲೆ ಇಟ್ಟ ಹಾಗೆ ಇದು. ಹನ್ನೆರಡು ಬೀಟಿಗೆ, ಅಂದರೆ ಎರಡು ಸರಣಿ ಮುಗಿದಾಗ, ಮೂರು ಆವರ್ತ ತುಂಬಿ ಮತ್ತೆ ಕೂಡುತ್ತೆ. ಮಧ್ಯೆ ಕೂಡದಿದ್ದರೆ ಚಿಂತೆ ಬೇಡ, ಬೀಟ್ ಬಿಡದಿದ್ದರೆ ಸಾಕು. ಹಾಡಿನ ವೇಗ ಸುಮಾರಾಗಿ ನಿಮಿಷಕ್ಕೆ 160ರಿಂದ 200 ಬೀಟ್. ಅಭ್ಯಾಸಕ್ಕೆ 160ರ ಹತ್ತಿರದ್ದು ಹಾಕಿಕೊಳ್ಳಿ.

ಲೀಡ್ ಮಾಡುವವಳು, ಅಂದರೆ ದಾರಿ ತೋರಿಸುವವಳು, ಎಡಗಾಲಿನಿಂದ ಮುಂದಕ್ಕೆ; ಫಾಲೋ ಮಾಡುವವಳು, ಅಂದರೆ ಅವಳ ಸೂಚನೆಯಂತೆ ನಡೆಯುವವಳು, ಬಲಗಾಲಿನಿಂದ ಹಿಂದಕ್ಕೆ. ಲೀಡ್‌ನ ಬಲಗೈ ಫಾಲೋನ ಎಡ ಹೆಗಲಮೂಳೆಯ ಮೇಲೆ, ಸೊಂಟದ ಮೇಲಲ್ಲ. ಸೊಂಟ ಹಿಡಿದರೆ ಯಾವ ಕಡೆ ಹೋಗಬೇಕು ಅನ್ನೋ ಸೂಚನೆ ದಾಟಲ್ಲ. ಫಾಲೋನ ಎಡಗೈ ಲೀಡ್‌ನ ತೋಳಿನ ಮೇಲೆ. ಉಳಿದೆರಡು ಕೈ ಭುಜದ ಎತ್ತರದಲ್ಲಿ ಕೂಡಿರಲಿ, ಕಬ್ಬಿಣದ ಹಾಗೆ ಬಿಗಿಯೂ ಬೇಡ, ಒದ್ದೆ ಬಟ್ಟೆಯ ಹಾಗೆ ಜೋಲೂ ಬೇಡ. ಕುಪ್ಪಳಿಸಬಾರದು, ನಡೆಯಬೇಕು. ತಲೆ ಒಂದೇ ಎತ್ತರದಲ್ಲಿ ತೇಲಿಕೊಂಡು ಹೋಗುತ್ತಿದ್ದರೆ ಸರಿಯಾಗಿದೆ ಅಂತ ಲೆಕ್ಕ.

ಇಬ್ಬರು ಹೆಂಗಸರು ಕುಣಿಯುವಾಗ ಆಗುವ ತಪ್ಪು ಒಂದೇ. ಮಾಮೂಲಿ ಕ್ಲಾಸುಗಳಲ್ಲಿ ಹೆಂಗಸರಿಗೆ ಫಾಲೋ ಮಾತ್ರ ಕಲಿಸ್ತಾರೆ, ಹಾಗಾಗಿ ಇಬ್ಬರೂ ಇನ್ನೊಬ್ಬಳು ಹೊರಡಲಿ ಅಂತ ಕಾಯ್ತಾರೆ. ಇಲ್ಲದಿದ್ದರೆ ಇಬ್ಬರೂ ಒಟ್ಟಿಗೇ ಎಳೀತಾರೆ. ಎತ್ತರ ಇರುವವಳೇ ಲೀಡ್ ಅನ್ನೋ ಮಾತನ್ನು ತಲೆಗೆ ಹಾಕಿಕೊಳ್ಳಬೇಡ. ದಾರಿ ನೋಡುವ ತಾಳ್ಮೆ ಯಾರಿಗಿದೆಯೋ ಅವಳೇ ಲೀಡ್, ಯಾಕೆಂದರೆ ಫಾಲೋಗೆ ಬೆನ್ನ ಹಿಂದೆ ಏನಿದೆ ಅಂತ ಕಾಣಲ್ಲ. ಹಾಡು ಶುರುವಾಗುವ ಮೊದಲೇ ತೀರ್ಮಾನ ಆಗಲಿ, ಬದಲಾಯಿಸುವುದಿದ್ದರೆ ಎರಡು ಹಾಡುಗಳ ನಡುವೆ ಬದಲಾಯಿಸಿ. ಇಬ್ಬರೂ ಎರಡನ್ನೂ ಕಲಿತಿದ್ದರೆ ಅದಕ್ಕಿಂತ ಸುಖ ಇಲ್ಲ.

ಫ್ಲೋರಿನ ನಿಯಮ: ಎಲ್ಲರೂ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು. ವೇಗದವರು ಹೊರಗಿನ ಸುತ್ತಿನಲ್ಲಿ, ನಿಧಾನದವರು ಒಳಗೆ, ಸಾಲಾಗಿ ನಿಂತು ಕುಣಿಯುವ ಲೈನ್ ಡಾನ್ಸಿನವರು ನಟ್ಟನಡುವೆ. ಹೆಜ್ಜೆ ತಪ್ಪಿತು ಅಂತ ಹೊರಸುತ್ತಿನಲ್ಲಿ ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ, ಒಳಗೆ ಸರಿದು ನಿಲ್ಲಿ. ಹೊಸದಾಗಿ ಕಲಿತವರು ತಿರುಗುವ ಆಟಕ್ಕೆ ಹೋಗದಿರುವುದು ಒಳ್ಳೇದು. ವಾಲ್ಟ್ಜ್ ಬಂದರೆ ಕೂರಬೇಡಿ, ಮೂರರ ನಡೆ, ಟು-ಸ್ಟೆಪ್‌ಗಿಂತ ಸುಲಭ. ಲೈನ್ ಡಾನ್ಸಿಗೆ ಜೋಡಿಯೇ ಬೇಡ, ಸಾಮಾನ್ಯವಾಗಿ 32 ಎಣಿಕೆ, ಪ್ರತಿ ಸಲ ಕಾಲುಭಾಗದಷ್ಟು ಸುತ್ತು ತಿರುಗಿ ನಾಲ್ಕನೆಯದಕ್ಕೆ ಮೊದಲಿನ ದಿಕ್ಕಿಗೆ ಬರ್ತೀರಿ.

ಬೂಟಿನ ಬಗ್ಗೆ ಉದಾಸೀನ ಬೇಡ. ಅಟ್ಟೆ ತೊಗಲಿನದ್ದೇ ಆಗಿರಲಿ. ರಬ್ಬರ್ ಅಟ್ಟೆ ನೆಲಕ್ಕೆ ಕಚ್ಚಿಕೊಳ್ಳುತ್ತೆ, ದೇಹ ತಿರುಗುತ್ತೆ, ಪಾದ ತಿರುಗಲ್ಲ, ಹೊಡೆತ ಬೀಳುವುದು ಮಂಡಿಗೆ. ಹೊಸ ತೊಗಲು ಮೊದಮೊದಲು ಜಾರುತ್ತೆ, ಸ್ವಲ್ಪ ಮರಳುಕಾಗದ ಉಜ್ಜಿಕೊಂಡರೆ ಹಿಡಿತ ಬರುತ್ತೆ. ಪಾದದ ಮೇಲುಬ್ಬಿನ ಹತ್ತಿರ ಬಿಗಿಯಾಗಿರಬೇಕು. ಹಿಮ್ಮಡಿ ಮೊದಲಿಗೆ ಕಾಲಿಂಚಿನಷ್ಟು ಮೇಲೇಳುವುದು ಸಹಜ, ಅಟ್ಟೆ ಬಾಗಿ ಪಳಗಿದ ಮೇಲೆ ನಿಲ್ಲುತ್ತೆ. ನಿನ್ನವಳಿಗೆ ಗಂಡಸರ ಬೂಟೇ ಇಷ್ಟ ಅಂತ ಬರೆದಿದ್ದೀಯಲ್ಲ: ಅಮೆರಿಕದ ಹೆಂಗಸರ ಅಳತೆಯಿಂದ ಒಂದೂವರೆ ಕಳೆಯಬೇಕು, ಎಂಟು ಇದ್ದರೆ ಆರೂವರೆ. ಆದರೆ ಅಗಲ ಬೇರೆ. ಹೆಂಗಸರದ್ದು ಮಾಮೂಲಿಗೆ ‘ಬಿ’, ಗಂಡಸರದ್ದು ‘ಡಿ’. ಉದ್ದ ಸರಿಯಾಗಿದ್ದೂ ಹಿಮ್ಮಡಿ ಲೊಡಲೊಡ ಅನ್ನುವುದು ಅದಕ್ಕೇ. ಅಂಗಡಿಯಲ್ಲಿ ‘ಬಿ’ ಅಗಲದ ಗಂಡಸರ ಬೂಟು ಇದೆಯಾ ಅಂತ ಕೇಳಲಿ. ಟೋಪಿ ಕೆಳಗಿಡುವಾಗ ಅದರ ನೆತ್ತಿಯ ಭಾಗ ಕೆಳಗೆ, ಅಂಚು ಮೇಲೆ. ತಿರುಗಾಮುರುಗಾ ಇಟ್ಟರೆ ಅಂಚಿನ ಆಕಾರ ಕೆಡುತ್ತೆ. ಬೇರೆಯವರ ಟೋಪಿ ಮುಟ್ಟುವುದು ಅಲ್ಲಿ ತಪ್ಪು.

ನ್ಯಾಶ್‌ವಿಲ್‌ಗೆ ಬರ್ತೀನಿ. ರೈಮನ್ ಆಡಿಟೋರಿಯಂ 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದು. 1943ರಿಂದ 1974ರ ತನಕ ‘ಗ್ರ್ಯಾಂಡ್ ಓಲ್ ಓಪ್ರಿ’ ಅನ್ನುವ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮ ನಡೆದದ್ದು ಅಲ್ಲೇ. ಕೂರುವುದು ಈಗಲೂ ಮರದ ಬೆಂಚಿನ ಮೇಲೆ, ತೆಳ್ಳನೆಯ ದಿಂಬು ತಗೊಂಡು ಹೋಗಿ. ಬ್ಲೂಬರ್ಡ್ ಕೆಫೆಯಲ್ಲಿ ಸುಮಾರು 90 ಸೀಟು ಅಷ್ಟೇ. ಹಾಡು ಬರೆದವರೇ ನಡುವೆ ವೃತ್ತವಾಗಿ ಕೂತು ಸರದಿಯ ಮೇಲೆ ಹಾಡ್ತಾರೆ, ಮಾತಾಡಿದರೆ ಸುಮ್ಮನಿರಿ ಅಂತ ಹೇಳಿಯೇ ಹೇಳ್ತಾರೆ. ಟಿಕೆಟ್ ಆನ್‌ಲೈನ್‌ನಲ್ಲಿ ತೆರೆದ ಕೂಡಲೇ ತಗೋಬೇಕು, ನಿಮಿಷಗಳಲ್ಲಿ ಮುಗಿಯುತ್ತೆ. ಬ್ರಾಡ್‌ವೇ ಬೀದಿಯ ಹಾಂಕಿ-ಟಾಂಕ್‌ಗಳಿಗೆ, ಅಂದರೆ ಎದುರೇ ಕಂಟ್ರಿ ನುಡಿಸುವ ಬಾರ್‌ಗಳಿಗೆ, ಮಧ್ಯಾಹ್ನ ಹೋಗಿ. ಶನಿವಾರ ರಾತ್ರಿ ಅಲ್ಲಿ ಕಾಲಿಡಲು ಜಾಗ ಇರಲ್ಲ, ಕುಣಿಯುವ ಮಾತು ದೂರ. ಹೆಚ್ಚಿನ ಕಡೆ ಒಳಗೆ ಹೋಗಲು ದುಡ್ಡಿಲ್ಲ, ಆದರೆ ನುಡಿಸುವವರ ಹೊಟ್ಟೆ ತುಂಬುವುದು ಟಿಪ್ಸ್ ಬಕೆಟ್ಟಿನಿಂದ. ಸುಮ್ಮನೆ ಕೂತು ಕೇಳಿದ್ದಕ್ಕೆ ಇಬ್ಬರಿಂದ 10 ಡಾಲರ್, ಇಂಥ ಹಾಡು ಬೇಕು ಅಂತ ಹೇಳಿ ಹಾಡಿಸಿದರೆ 20 ಹಾಕಿ. ಹಳೇ ಶೈಲಿ ಬೇಕಾದರೆ ಅದೇ ಬೀದಿಯ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್‌ಗೆ ಹೋಗಿ.

ರಾತ್ರಿಗೆ ಊರಿನ ಪೂರ್ವಭಾಗದ ಲಿಪ್‌ಸ್ಟಿಕ್ ಲೌಂಜ್. 2002ರಿಂದ ಇರುವ ಲೆಸ್ಬಿಯನ್ ಬಾರ್ ಅದು, ಇಡೀ ದೇಶದಲ್ಲಿ ಅಂಥವು ಉಳಿದಿರುವುದೇ ಕೆಲವು ಡಜನ್. ಕ್ಯಾರಿಯೋಕಿ, ಅಂದರೆ ಹಿನ್ನೆಲೆ ಸಂಗೀತಕ್ಕೆ ಬಂದವರೇ ಹಾಡುವುದು, ಇರುತ್ತೆ. ನಿನ್ನ ಗಂಟಲಿಗೆ ಪ್ಯಾಟ್ಸಿ ಕ್ಲೈನ್ ಹೊಂದುತ್ತೆ, ಆದರೆ ಅರ್ಧ ಸ್ವರ ಕೆಳಗಿಳಿಸಿಕೊಡಿ ಅಂತ ಮೊದಲೇ ಕೇಳಿಕೋ. ಹೋಟೆಲಿನಲ್ಲಿ ಒಂದೇ ಕೋಣೆ ಕೇಳಲು ಹಿಂಜರಿಯಬೇಡ. ನಮ್ಮಂಥವರ ಮದುವೆಗೆ ದೇಶದುದ್ದಕ್ಕೂ ಮಾನ್ಯತೆ ಕೊಟ್ಟ ಅಮೆರಿಕದ ಸುಪ್ರೀಂ ಕೋರ್ಟಿನ 2015ರ ತೀರ್ಪಿನಲ್ಲಿ ಟೆನೆಸ್ಸೀಯ ದಂಪತಿಗಳ ದಾವೆಯೂ ಸೇರಿತ್ತು.

ಮುಂದೆ ಯಾವತ್ತಾದರೂ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರೆ ನಮ್ಮಂಥವರ ಕಂಟ್ರಿ ಕುಣಿತದ ಕೂಟ ಸನ್‌ಡಾನ್ಸ್ ಸಲೂನ್ ನೋಡಿ, ಸ್ವಯಂಸೇವಕರೇ ನಡೆಸೋದು, ಮೊದಲು ಪಾಠ ಆಮೇಲೆ ಕುಣಿತ, ಯಾರು ಬೇಕಾದರೂ ಲೀಡ್. ಗೇ ರೋಡಿಯೊ, ಅಂದರೆ ಸಲಿಂಗಿಗಳು ನಡೆಸುವ ಕೌಬಾಯ್ ಆಟಗಳ ಸ್ಪರ್ಧೆ, ಕೂಡ ನಿನಗೆ ಇಷ್ಟವಾಗುತ್ತೆ. ಮೊದಲನೆಯದು 1976ರಲ್ಲಿ ನೆವಾಡಾದ ರೀನೊದಲ್ಲಿ ನಡೆದದ್ದು. ಹೋರಿ ಸವಾರಿ ಸೇರಿ ಎಲ್ಲ ಸ್ಪರ್ಧೆಯಲ್ಲೂ ಹೆಂಗಸರಿಗೆ ಅವಕಾಶ ಇದೆ, ಮುಖ್ಯವಾಹಿನಿಯ ರೋಡಿಯೊಗಳಲ್ಲಿ ಹಾಗಿಲ್ಲ.

ಹೊರಡುವ ತನಕ ದಿನಾ 15 ನಿಮಿಷ ಮನೆಯಲ್ಲೇ ನಡೆಯಿರಿ. ಬರೀ ಕಾಲುಚೀಲದಲ್ಲಿ ಬೇಡ, ಜಾರುತ್ತೆ. ಬೂಟು ನಾನೇ ನೋಡ್ತೀನಿ, ಇಬ್ಬರ ಪಾದದ ಉದ್ದ, ಅಗಲ ಎರಡನ್ನೂ ಸಂಜೆ ಹೊತ್ತು, ನಿಂತುಕೊಂಡು ಅಳೆದು ಬರೆದು ಕಳಿಸು. ಬೆಳಗ್ಗೆ ಅಳೆದರೆ ಕಮ್ಮಿ ಬರುತ್ತೆ.

ನಿನ್ನ
ಗೆಳತಿ