ಬಾಣದ ಗುರುತು ಹಾಕುವ ಮೊದಲು

ಚಿ. ಮೇದಿನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕಳುಹಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡು ನೋಡಿದೆ. ಛೇದ (ಕೊಯ್ದ ತೆಳು ಪದರ) ಚೆನ್ನಾಗಿ ಬಂದಿದೆ, ಚಾಕುವಿನ ಗೀರು ಒಂದೂ ಇಲ್ಲ. ಆದರೆ ಬ್ಯಾಕ್ಟೀರಿಯಾದ ಒಳಗೆ ಸುರುಳಿಸುರುಳಿಯಾಗಿ ಕಾಣುವ ಪೊರೆಯ ಕಡೆಗೆ ಬಾಣ ಹಾಕಿ ‘ಮೀಸೋಸೋಮ್’ ಎಂದು ಬರೆದಿದ್ದೀಯಲ್ಲ, ಅಲ್ಲಿ ನನ್ನ ತಕರಾರಿದೆ.

ಪಿಯುಸಿಯಲ್ಲಿ ನೀನು ಬಾಯಿಪಾಠ ಮಾಡಿದ್ದ ಅಂಗ ಅದು. 1950-60ರ ದಶಕಗಳಲ್ಲಿ ಅದು ಚಿತ್ರದಿಂದ ಚಿತ್ರಕ್ಕೆ ಕಾಣಿಸಿದ್ದರಿಂದ, ಉಸಿರಾಟ, ಕೋಶಭಿತ್ತಿಯ ರಚನೆ, ಡಿಎನ್‌ಎ ಹಂಚಿಕೆ ಮುಂತಾದ ಕೆಲಸಗಳನ್ನೆಲ್ಲ ಅದರ ತಲೆಗೆ ಕಟ್ಟಿದರು. ಆಮೇಲೆ ರಾಸಾಯನಿಕಗಳನ್ನು ಬಿಟ್ಟು ಜೀವಕೋಶವನ್ನು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸಿ ನೋಡಿದಾಗ ಆ ಸುರುಳಿಗಳು ಕಾಣಲಿಲ್ಲ. ಕೋಶವನ್ನು ಇದ್ದಂತೆ ಹಿಡಿದಿಡಲು ಬಳಸುವ ಸ್ಥಿರೀಕರಣದ ದ್ರಾವಣವೇ ಪೊರೆಯನ್ನು ಹಾಗೆ ಮಡಚುತ್ತಿತ್ತು ಎಂಬುದು 1980ರ ದಶಕದ ಹೊತ್ತಿಗೆ ಬಹುಮಟ್ಟಿಗೆ ಖಚಿತವಾಯಿತು. ನಾವು ನೋಡುವುದು ಬದುಕಿರುವ ಕೋಶವನ್ನಲ್ಲ. ಗ್ಲುಟರಾಲ್ಡಿಹೈಡ್‌ನಲ್ಲಿ ನೆನೆದು, ಆಸ್ಮಿಯಂನಲ್ಲಿ ಕಪ್ಪಾಗಿ, ನೀರನ್ನೆಲ್ಲ ಕಳೆದುಕೊಂಡು, ರಾಳದಲ್ಲಿ ಗಟ್ಟಿಯಾಗಿ, ಸುಮಾರು 70 ನ್ಯಾನೋಮೀಟರ್ ದಪ್ಪಕ್ಕೆ ಕೊಯ್ಯಿಸಿಕೊಂಡ ಒಂದು ಪದರವನ್ನು.

ನಾನೂ ಜಾರಿದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಛೇದದ ತುಂಬ ದುಂಡನೆಯ ಕಪ್ಪು ಚುಕ್ಕೆಗಳನ್ನು ಕಂಡು, ವೈರಾಣು ಸಿಕ್ಕಿತೆಂದು ಒಂದು ವಾರ ಹಿಗ್ಗಿದ್ದೆ. ಅವು ಸೀಸದ ಕಾರ್ಬೋನೇಟ್ ಕಣಗಳು. ಛೇದ ಹೊತ್ತ ಪುಟ್ಟ ಲೋಹದ ಜಾಲರಿಯನ್ನು, ಅಂದರೆ ಗ್ರಿಡ್ಡನ್ನು, ಬಣ್ಣ ಕೊಡುವ ಲೆಡ್ ಸಿಟ್ರೇಟ್ ಎಂಬ ಸೀಸದ ದ್ರಾವಣದ ಹನಿಯ ಮೇಲೆ ಇಡುವಾಗ ಬಗ್ಗಿ ಉಸಿರು ಬಿಟ್ಟು, ಅದರ ಇಂಗಾಲದ ಡೈಆಕ್ಸೈಡ್ ಸೀಸದೊಂದಿಗೆ ಸೇರುವಂತೆ ಮಾಡಿದವನು ನಾನೇ! ಅಂದಿನಿಂದ ಪೆಟ್ರಿ ತಟ್ಟೆಯಲ್ಲಿ ಆ ಅನಿಲವನ್ನು ಹೀರುವ ಸೋಡಿಯಂ ಹೈಡ್ರಾಕ್ಸೈಡ್ ಹರಳುಗಳನ್ನು ಸುತ್ತಲೂ ಇಟ್ಟು, ಮುಚ್ಚಳ ಎತ್ತುವಾಗ ಉಸಿರು ಬಿಗಿಹಿಡಿಯುವುದನ್ನು ಕಲಿತೆ. ನೀನೂ ಹಾಗೆಯೇ ಮಾಡು.

ಹಾಗೆಂದು ಚಿತ್ರವನ್ನು ನಂಬಲೇಬಾರದೆಂದು ತಿಳಿಯಬೇಡ. 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ಎರಡು ತಂಡಗಳು ಅಡಿನೋವೈರಸ್ಸಿನ ಡಿಎನ್‌ಎಗೆ ಅದರದೇ ಸಂದೇಶವಾಹಕ ಆರ್‌ಎನ್‌ಎಯನ್ನು (ಜೀನಿನ ಸಂದೇಶ ಹೊತ್ತ ನಕಲನ್ನು) ಜೋಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೋಡಿ ಸಿಗದ ಡಿಎನ್‌ಎ ಭಾಗಗಳು ಕುಣಿಕೆಗಳಾಗಿ ಹೊರಗೆ ಚಾಚಿಕೊಂಡಿದ್ದವು. ಜೀನು ತುಂಡುತುಂಡಾಗಿದೆ, ನಡುವಿನ ಭಾಗಗಳು ಆರ್‌ಎನ್‌ಎಯಲ್ಲಿ ಉಳಿಯುವುದಿಲ್ಲ ಎಂಬ, 1993ರಲ್ಲಿ ನೊಬೆಲ್ ತಂದ ಸಂಗತಿ ಗೊತ್ತಾದದ್ದು ಆ ಕುಣಿಕೆಗಳಿಂದ. ಆದರೆ ಅವರು ಕಂಡಷ್ಟಕ್ಕೆ ನಿಲ್ಲಲಿಲ್ಲ. ಅಣುವಿನ ನಂತರ ಅಣುವಿನಲ್ಲಿ ಕುಣಿಕೆಯ ಉದ್ದವನ್ನು ಅಳೆದರು, ವೈರಸ್ಸಿನ ನಕ್ಷೆಯಲ್ಲಿ ಅದರ ಸ್ಥಾನವನ್ನು ಗುರುತಿಸಿದರು. ಒಂದು ಸುಂದರವಾದ ಕೋಶವನ್ನು ಆರಿಸಿ ಬಾಣ ಹಾಕುವುದಕ್ಕೂ ಇದಕ್ಕೂ ಬಹಳ ದೂರವಿದೆ.

ಅದೇ ಬ್ಯಾಕ್ಟೀರಿಯಾವನ್ನು ನಿಮ್ಮಲ್ಲಿ ಅನುಕೂಲವಿದ್ದರೆ ಶೀಘ್ರ ಘನೀಕರಣದಿಂದಲೂ ಸಿದ್ಧಪಡಿಸಿ, ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕಳುಹಿಸು. ಎಷ್ಟು ಕೋಶಗಳನ್ನು ನೋಡಿದೆ, ಎಷ್ಟರಲ್ಲಿ ಸುರುಳಿಯಿತ್ತು ಎಂಬುದನ್ನು ಹಿಂಬದಿಯಲ್ಲಿ ಬರೆ. ಈ ಸಲ ಅಳತೆಯ ಗೆರೆ ಹಾಕುವುದನ್ನೂ ಮರೆತಿದ್ದೀಯೆ.

ಇಂತಿ ನಿನ್ನ ಹಿತಚಿಂತಕ,
ದೊಡ್ಡಪ್ಪ