ಬೆರಳುದ್ದದ ಸ್ಪ್ರಿಂಗೂ ಕೋವಿಯೇ? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ನಮ್ಮನೆಯಲ್ಲಿ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದೆ, ಹೊತ್ತಿಗೆ ಸರಿಯಾಗಿ ನವೀಕರಣ ಮಾಡಿಸುತ್ತೇವೆ, ಚುನಾವಣೆ ಬಂತು ಅಂದ್ರೆ ಠಾಣೆಗೆ ಜಮಾ ಕೊಟ್ಟು ಮುಗಿದ ಮೇಲೆ ವಾಪಸ್ ತರುತ್ತೇವೆ. ಮಂಗನ ಹಿಂಡು ತೋಟಕ್ಕೆ ಇಳಿದಾಗ ಗಾಳಿಗೆ ಒಂದು ಈಡು ಹೊಡೆದರೆ ಅವತ್ತಿನ ಮಟ್ಟಿಗೆ ಎಳೆ ಅಡಿಕೆ ಉಳಿಯುತ್ತದೆ. ಅಷ್ಟೇ ನಮ್ಮ ಕೆಲಸ.

ಹೋದ ಮಳೆಗಾಲದಲ್ಲಿ ಅದರ ಕುದುರೆಯ, ಅಂದ್ರೆ ಕೇಪಿಗೆ ಬಡಿಯುವ ಸುತ್ತಿಗೆಯ, ಸ್ಪ್ರಿಂಗ್ ಮುರಿಯಿತು. ಬೆರಳುದ್ದದ ಉಕ್ಕಿನ ಪಟ್ಟಿ. ಊರಿನ ಆಚಾರಿಗೆ ಅದು ಅರ್ಧ ದಿನದ ಕೆಲಸ, ಆದರೆ ಅವರು ಮುಟ್ಟಲಿಲ್ಲ. ಮುಟ್ಟದಿದ್ದದ್ದೇ ಸರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ರಿಪೇರಿ ಮಾಡಿದವರಿಗೆ ಕಡಿಮೆ ಅಂದ್ರೂ 7 ವರ್ಷ ಜೈಲು, ಜಾಸ್ತಿ ಅಂದ್ರೆ ಜೀವಾವಧಿ. ಒಂದು ಸ್ಪ್ರಿಂಗಿಗೆ ಯಾರು ಆ ಅಪಾಯ ತಗೊಳ್ತಾರೆ?

ಆಮೇಲೆ ನಾನೇ ಕೂತು ಕಾಯ್ದೆ ಓದಿದೆ. ಕೋವಿ ಅಂದ್ರೆ ಅದರ ಭಾಗಗಳೂ ಸೇರಿ, ಅದನ್ನು ತಯಾರಿಸುವ ಯಂತ್ರವೂ ಸೇರಿ ಅಂತ 2ನೇ ಕಲಂ ಹೇಳುತ್ತದೆ. ನಳಿಗೆ, ಕುದುರೆ, ಬಿಲ್ಲು (ಟ್ರಿಗರ್), ಮೊಳೆ ಅಂತ ಭೇದವಿಲ್ಲ. 45ನೇ ಕಲಂನಲ್ಲಿ "ಸಣ್ಣ ಭಾಗ"ಗಳಿಗೆ ಒಂದು ವಿನಾಯಿತಿ ಇದೆ. ಆದರೆ ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇರಬಾರದು ಅಂತ ಷರತ್ತು. ಯಾವುದು ಸಣ್ಣ ಭಾಗ ಅಂತ ಅಲ್ಲಿ ಪಟ್ಟಿಯೂ ಇಲ್ಲ. ಅಂದ್ರೆ ಮುರಿದ ಕೋವಿ ಸರಿ ಮಾಡಲಿಕ್ಕೆ ಸ್ಪ್ರಿಂಗ್ ತರುವವನಿಗೆ ಆ ವಿನಾಯಿತಿಯಿಂದ ಏನೂ ಸಿಗುವುದಿಲ್ಲ, ಅಲ್ವಾ?

ಬೇರೆ ದೇಶದವರು ಏನು ಮಾಡಿದ್ದಾರೆ ಅಂತ ಹುಡುಕಿದೆ. ಅಮೆರಿಕದ 1968ರ ಕಾಯ್ದೆ ನಮ್ಮದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಭಾಗಗಳ ಪೈಕಿ ಫ್ರೇಮ್ ಅಥವಾ ರಿಸೀವರ್ ಅನ್ನುವ ನಡುವಿನ ಒಡಲು ಮಾತ್ರ ಕೋವಿ ಅನ್ನಿಸಿಕೊಳ್ಳುತ್ತದೆ, ಗುರುತಿನ ನಂಬರ್ ಬೀಳುವುದೂ ಅದಕ್ಕೇ. ಸಾಮಾನ್ಯ ನಳಿಗೆ, ಹಿಡಿ, ಬಿಲ್ಲು ಎಲ್ಲ ಬಿಡಿ ಸಾಮಾನಿನ ಹಾಗೆ ಸಿಗುತ್ತವೆ. ಆಗಿದ್ದೇನು? ಅರ್ಧ ಮಾತ್ರ ತಯಾರಾದ ಒಡಲನ್ನು "ಇದಿನ್ನೂ ಕೋವಿ ಅಲ್ಲ" ಅಂತ ಮಾರುವವರು ಹುಟ್ಟಿಕೊಂಡರು, ಕೊಂಡವರು ಮನೆಯಲ್ಲೇ ಕೆಲಸ ಮುಗಿಸಿದರು, ನಂಬರ್ ಇಲ್ಲದ ಕೋವಿಗಳು ಊರೆಲ್ಲ ಹರಡಿದವು. ಅಲ್ಲಿನ ಸರ್ಕಾರ 2022ರಲ್ಲಿ ಅಂಥ ಕಿಟ್‌ಗಳಿಗೂ ನಂಬರ್ ಬೇಕು, ಕೊಳ್ಳುವವರ ಹಿನ್ನೆಲೆ ನೋಡಬೇಕು ಅಂತ ನಿಯಮ ತಂದಿತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ಆ ಸಡಿಲತನ ನಮಗೆ ಖಂಡಿತ ಬೇಡ.

ನನಗೆ ಹಿಡಿಸಿದ್ದು ಬ್ರಿಟನ್ನಿನ ದಾರಿ. ಅವರ 1968ರ ಕಾಯ್ದೆಯಲ್ಲೂ ಸುಮ್ನೆ "ಬಿಡಿ ಭಾಗ" ಅಂತಷ್ಟೇ ಇತ್ತು, ಯಾವುದು ಅಂತ ಬಿಡಿಸಿ ಹೇಳಿರಲಿಲ್ಲ. ಈ ಗೊಂದಲ ತಪ್ಪಿಸಬೇಕು ಅಂತ ಅಲ್ಲಿನ ಕಾನೂನು ಆಯೋಗ 2015ರಲ್ಲಿ ಹೇಳಿತು, 2017ರಲ್ಲಿ ಕಾಯ್ದೆಗೇ ಪಟ್ಟಿ ಸೇರಿತು. ನಳಿಗೆ, ಮದ್ದು ಕೂರುವ ಕೋಣೆ, ಒಡಲು, ಸಿಡಿತದ ಒತ್ತಡ ತಡೆಯುವ ಬೋಲ್ಟ್, ಇಂಥವು. ಯುರೋಪಿನ ಒಕ್ಕೂಟವೂ ಅದೇ ವರ್ಷ ಹೆಚ್ಚುಕಡಿಮೆ ಇಂಥದ್ದೇ ಪಟ್ಟಿ ಮಾಡಿತು. ಯಾವುದು ಕೋವಿಯ ಮುಖ್ಯ ಒಡಲೋ, ಯಾವುದು ಸಿಡಿತವನ್ನು ತಾಳಿಕೊಳ್ಳಬೇಕೋ, ಅದರ ಮೇಲೆ ಕಣ್ಣಿಡುವುದು. ಇದು ಕೋವಿ ಬಲ್ಲ ಯಾರಿಗಾದರೂ ಅರ್ಥ ಆಗುವ ಮಾತು.

ನಮ್ಮ ಕಾಯ್ದೆ ಸಡಿಲ ಮಾಡಿ ಅಂತ ನಾನು ಕೇಳುತ್ತಿಲ್ಲ. ಕಳ್ಳಕೋವಿಯ ಭಯ ಕಾಡಂಚಿನಲ್ಲಿ ಇರುವ ನಮಗೇ ಜಾಸ್ತಿ. ನಳಿಗೆಗೆ ಈಗಿನಷ್ಟೇ ಬಿಗಿ ಇರಲಿ. ಆದರೆ ಸ್ಪ್ರಿಂಗ್, ತಿರುಪು, ಮರದ ಹಿಡಿ, ಇಂಥ ಸವೆಯುವ ಭಾಗಗಳನ್ನು ಲೈಸೆನ್ಸ್ ಇದ್ದವರು ತಮ್ಮ ಲೈಸೆನ್ಸ್ ಪುಸ್ತಕ ತೋರಿಸಿ ಬದಲಾಯಿಸಿಕೊಳ್ಳಲು ಕಾಯ್ದೆಯಲ್ಲೇ ದಾರಿ ಬೇಕು. ಇದು ಕೇಂದ್ರದ ಕಾಯ್ದೆ, ಅದಕ್ಕೇ ಶಾಸಕರ ಬದಲು ನಿಮಗೆ ಬರೆಯುತ್ತಿದ್ದೇನೆ. ಸಂಸತ್ತಿನಲ್ಲಿ ಗೃಹ ಸಚಿವಾಲಯಕ್ಕೆ ಒಂದು ಪ್ರಶ್ನೆ ಕೇಳಿ, ಸಾರ್. "ಸಣ್ಣ ಭಾಗ ಅಂದ್ರೆ ಯಾವುದು?" ಅಂತ. ಅಷ್ಟೇ ಸಾಕು, ಲಿಖಿತ ಉತ್ತರ ಬರಲಿ.

ಕಾಯ್ದೆ ಬದಲಾಗುವವರೆಗೆ ಇನ್ನೊಂದು ಕೆಲಸ ಆಗಬಹುದು. ಚುನಾವಣೆ ಹೊತ್ತಿಗೆ ಹೇಗೂ ನಮ್ಮ ಕೋವಿಗಳೆಲ್ಲ ಠಾಣೆಯಲ್ಲೇ ಇರುತ್ತವೆ. ಆಗ ಲೈಸೆನ್ಸ್ ಇರುವ ರಿಪೇರಿಯವರನ್ನು ಎರಡು ದಿನ ತಾಲೂಕಿಗೆ ಕರೆಸಿ, ಪೊಲೀಸರ ಎದುರಲ್ಲೇ ಕೆಲಸ ಮಾಡಿಸಲಿ. ಖರ್ಚು ನಾವೇ ಕೊಡುತ್ತೇವೆ. ಕಾರವಾರದಲ್ಲಿ ಜಿಲ್ಲಾಧಿಕಾರಿಗಳ ಜೊತೆ ನೀವು ಕೂತಾಗ ಈ ಮಾತನ್ನೂ ಎತ್ತಿ. ನಮ್ಮ ಕೋವಿ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದೆ, ಮುರಿದ ಸ್ಪ್ರಿಂಗನ್ನೂ ಅದರ ಜೊತೆಗೇ ಕಟ್ಟಿ ಇಟ್ಟಿದ್ದೇನೆ.

ಇಂತಿ,
ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ