ಉದ್ರಿ ಖಾತೆ ನಿಲ್ಲಿಸುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಗ್ರಾಹಕ ಬಂಧುಗಳೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಸೊಸೈಟಿ ಅಂಗಡಿಯಲ್ಲಿ ತಿಂಗಳ ಉದ್ರಿ ಇರುವುದಿಲ್ಲ. ನಗದು, ಇಲ್ಲವೇ ಫೋನ್‌ಪೇ. ನಿಮಗೆ ಬೇಜಾರಾಗುತ್ತದೆ, ಗೊತ್ತು. ದಯವಿಟ್ಟು ಕ್ಷಮಿಸಿ.

ಬೋರ್ಡು ಹಾಕಿದಾಗಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: "ಸರ್ಕಾರಿ ಹಾಸ್ಟೆಲ್ಲಿಗೆ ತಿಂಗಳುಗಟ್ಟಲೆ ಉದ್ರಿ ಕೊಡ್ತೀರಿ, ನಮಗೆ ಹದಿನೈದು ದಿನ ಕೊಡೋಕಾಗಲ್ವಾ?"

ಹಾಸ್ಟೆಲ್ಲಿಗೆ ಉದ್ರಿ ಕೊಡಬೇಕು ಅಂತ ನಾವೇನೂ ಆಸೆಪಟ್ಟು ಕೂತಿಲ್ಲ. ಅಕ್ಕಿ, ಬೇಳೆ, ಎಣ್ಣೆ ಇಳಿಸುತ್ತೇವೆ. ವಾರ್ಡನ್ ಸಹಿ ಹಾಕಿ ಬಿಲ್ಲನ್ನು ತಾಲ್ಲೂಕು ಕಚೇರಿಗೆ ಕಳಿಸುತ್ತಾರೆ. ಅಲ್ಲಿಂದ ಖಜಾನೆಗೆ ಹೋಗಬೇಕು. ಆದರೆ ಆ ಲೆಕ್ಕ ಶೀರ್ಷಿಕೆಯಲ್ಲಿ, ಅಂದರೆ ಆ ಖರ್ಚಿಗೆಂದೇ ಇರುವ ಸರ್ಕಾರಿ ಲೆಕ್ಕದಲ್ಲಿ, ದುಡ್ಡಿದ್ದರೆ ತಾನೇ! ಬಜೆಟ್‌ನಲ್ಲಿ ಎಷ್ಟೇ ಕೋಟಿ ಬರೆದಿರಲಿ, ಇಲಾಖೆಗೆ ಬರುವುದು ಕಂತಿನಲ್ಲಿ. ಕಂತು ತಡವಾದರೆ ಬಿಲ್ಲಿನ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ "ಅನುದಾನ ಬಂದ ನಂತರ ಮಂಡಿಸಿ" ಅಂತ ಬರೆದು ವಾಪಸ್ ಬರುತ್ತದೆ. ಚುನಾವಣೆ ವರ್ಷವಂತೂ ಕೇಳಲೇಬೇಡಿ. ಹೊಸ ಸರ್ಕಾರದ ಬಜೆಟ್ ಮಂಡನೆಯಾಗಿದ್ದು 2018ರಲ್ಲಿ ಜುಲೈ 5ಕ್ಕೆ, 2023ರಲ್ಲಿ ಜುಲೈ 7ಕ್ಕೆ. ಮಕ್ಕಳು ಜೂನ್‌ನಲ್ಲೇ ಹಾಸ್ಟೆಲ್ಲಿಗೆ ಬಂದಿರುತ್ತಾರೆ.

ಹಾಗಾದರೆ ಸಾಮಾನು ಹಾಕುವುದನ್ನೇ ನಿಲ್ಲಿಸಿ ಅನ್ನುವವರೂ ಇದ್ದಾರೆ. ಅಲ್ಲಿ ಉಣ್ಣುವವರು ನಿಮ್ಮಲ್ಲೇ ಕೆಲವರ ಮಕ್ಕಳು. ಇದುವರೆಗೆ ಒಂದು ದಿನವೂ ನಾವು ತಪ್ಪಿಸಿಲ್ಲ. ಅದನ್ನು ಹೇಳಿಕೊಳ್ಳಲು ನಮಗೇನೂ ಸಂಕೋಚವಿಲ್ಲ.

ಬೈಸಿಕೊಳ್ಳುವುದು ಮಾತ್ರ ನಾವು. ಮಂಡಿಯವರು ಕೈಗೆ ಕಾಸು ಬಿದ್ದ ಮೇಲೇ ಮೂಟೆ ಎತ್ತಿಸುವುದು. ಬಿಲ್ಲಿನ ದುಡ್ಡು ಬರಲಿ ಬಿಡಲಿ, ಎಣ್ಣೆ, ಸೋಪಿನ ಜಿಎಸ್‌ಟಿ ಮುಂದಿನ ತಿಂಗಳು 20ರೊಳಗೆ ಕಟ್ಟಲೇಬೇಕು. ಅಂದರೆ ಸರ್ಕಾರ ನಮಗೆ ಕೊಡದ ದುಡ್ಡಿಗೆ ನಾವು ಸರ್ಕಾರಕ್ಕೆ ತೆರಿಗೆ ಕಟ್ಟುತ್ತೇವೆ! ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ಬೇರೆ.

ಗೃಹಲಕ್ಷ್ಮಿಯ 2,000 ಬಂದ ದಿನವೇ ಬಾಕಿ ಚುಕ್ತಾ ಮಾಡುವ ಅಕ್ಕಂದಿರ ಲೆಕ್ಕವೂ ಕಂತು ತಡವಾದಾಗ ಹೀಗೇ ನಿಲ್ಲುತ್ತದೆ. ಅವರನ್ನು ದೂರುತ್ತಿಲ್ಲ. ಎರಡೂ ಕಡೆ ಒಟ್ಟಿಗೆ ನಿಂತರೆ ತಡೆದುಕೊಳ್ಳುವ ಶಕ್ತಿ ಸೊಸೈಟಿಗಿಲ್ಲ, ಅಷ್ಟೇ.

ಹಳೇ ಬಾಕಿಗೆ ಬಡ್ಡಿ ಹಾಕುವುದಿಲ್ಲ, ಮೂರು ಕಂತಿನಲ್ಲಿ ಕೊಡಿ. ಸಂಧ್ಯಾ ಸುರಕ್ಷಾ ಪಿಂಚಣಿ ನಂಬಿಕೊಂಡ ಹಿರಿಯರ ಉದ್ರಿ ಪುಸ್ತಕ ಮೊದಲಿನಂತೆಯೇ ಇರುತ್ತದೆ. ಆಸ್ಪತ್ರೆ, ಬಾಣಂತನ ಅಂತ ಕಷ್ಟ ಬಂದರೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಬಂದು ನನ್ನ ಹತ್ತಿರವೇ ಹೇಳಿ. ಕೌಂಟರ್ ಹುಡುಗನನ್ನು ಸುಮ್ನೆ ಬೈಯಬೇಡಿ, ತೀರ್ಮಾನ ಅವನದಲ್ಲ.

ಇಂತಿ ನಿಮ್ಮ,
ಕಾರ್ಯದರ್ಶಿ